ಐದು ಖೋಲಿಯ ಮನೆ

ಊರಿಗೆಲ್ಲ ಬಣ್ಣ ಬಳಿಯುವವನ ಮನೆಗೆ ಒಂದು ಕೈ ಸುಣ್ಣವಿಲ್ಲ ಎಂದು ಯಾರಾದರೂ ಹುಸೇನಪ್ಪನನ್ನು ಆಡಿಕೊಂಡರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಗಚ್ಚಿಬೌಲಿಯ ಹದಿನಾಲ್ಕು ಮಹಡಿಯ ಕಟ್ಟಡಗಳ ಬೆನ್ನಿಗೆ, ಬಂಡೆಗಳ ಸಂದಿಯಲ್ಲಿ ಎದ್ದಿದ್ದ ತಗಡಿನ ಸೂರಿನ ಮನೆಗಳಲ್ಲಿ ಅವನದೂ ಒಂದು. ಇದ್ದದ್ದು ಒಂದೇ ಕೋಣೆ. ಅದರ ಗೋಡೆ ಸುಣ್ಣ ಕಂಡು ಐದು ವರ್ಷವಾಗಿತ್ತು. ಮೊದಲ ನಾಲ್ಕು ವರ್ಷ ಹೆಂಡತಿ ಬಂಡೆಮ್ಮ ಹಚ್ಚಗೊಡಲಿಲ್ಲ. ಕಡೆಯ ಒಂದು ವರ್ಷ ಬಂಡೆಮ್ಮ ಸತ್ತಳೆಂದು ಹಚ್ಚುವಂತಿರಲಿಲ್ಲ.

ಸತ್ತ ಮನೆಗೆ ವರ್ಷ ತುಂಬುವ ತನಕ ಸುಣ್ಣ ತೋರಿಸಬಾರದು ಎನ್ನುವುದು ಶಹಾಪುರದ ಕಡೆಯ ಅವರ ಮಂದಿಯ ಪದ್ಧತಿ. ವರ್ಷದ ಕಾರ್ಯದ ಹಿಂದಿನ ದಿನ ಮನೆ ತೊಳೆದು, ಗೋಡೆಗೆ ಸುಣ್ಣ ಹಚ್ಚಿ, ಮಾರನೆಯ ದಿನ ಸತ್ತವರಿಗೆ ಎಡೆ ಇಟ್ಟರೆ ಮುಗಿಯಿತು. ಆಮೇಲೆ ಆ ಮನೆಯವರು ಹಬ್ಬ ಮಾಡಬಹುದು, ಹೊಸ ಬಟ್ಟೆ ಉಡಬಹುದು, ನಗಬಹುದು. ಆ ದಿನ ಹತ್ತಿರ ಬಂದಿತ್ತು. ಊರಿನಿಂದ ಅಕ್ಕ ಶಿವದೇವಿ ಫೋನು ಮಾಡಿದಳು.

"ಮುಂದಿನ ಅಮಾಸಿಗಿ ವರ್ಷ ತುಂಬತೈತಿ, ಹುಸೇನಾ. ನಾ ಒಂದಿನ ಮೊದಲಾ ಬರ್ತೀನಿ. ಅಷ್ಟರಾಗ ಗ್ವಾಡಿಗಿ ಅಂಟಿಸಿದ ಆ ಹಾಳಿ ಎಲ್ಲಾ ಕಿತ್ತಿಡು. ನಿನ್ನ ಕೈಲೆ ಆಗಲಿಲ್ಲಂದ್ರ ನಾನಾ ಕೀಳ್ತೀನಿ. ಸುಣ್ಣ ಹಚ್ಚದ ಎಡಿ ಇಡಾಕ ಬರಂಗಿಲ್ಲ ನೋಡು."

"ಹೂಂ," ಅಂದ ಹುಸೇನಪ್ಪ.

ಆ ಹಾಳೆಗಳನ್ನು ಅಂಟಿಸಿದವಳು ಬಂಡೆಮ್ಮ. ಮಕ್ಕಳಾಗಿರಲಿಲ್ಲ. ಮಣ್ಣು ಮಾಡಿದ ಮೂರನೇ ದಿನವೇ ಅವಳ ನಾಲ್ಕು ಸೀರೆಗಳನ್ನು ಊರಲ್ಲಿ ದಾನ ಕೊಟ್ಟಾಗಿತ್ತು. ಬೆಳ್ಳಿಯ ಕಾಲುಂಗುರ ಅವಳ ಜೊತೆಗೇ ಹೋಗಿತ್ತು. ಹಾಗಾಗಿ ಬಂಡೆಮ್ಮ ಎಂಬ ಒಬ್ಬ ಹೆಣ್ಣುಮಗಳು ಈ ಭೂಮಿಯ ಮೇಲೆ ಇದ್ದಳು ಎನ್ನುವುದಕ್ಕೆ ಉಳಿದದ್ದು ಆ ಗೋಡೆಗಳು ಮಾತ್ರ. ಅಮಾವಾಸ್ಯೆಗೆ ಅವೂ ಹೋಗುತ್ತವೆ. ಇದು ಹುಸೇನಪ್ಪನಿಗೆ ಗೊತ್ತಿತ್ತು. ಅದರಿಂದ ತನಗೆ ದುಃಖವಾಗುತ್ತಿದೆಯೇ ಎಂದು ಫೋನು ಇಟ್ಟ ಮೇಲೆ ಸ್ವಲ್ಪ ಹೊತ್ತು ಕಾದು ನೋಡಿದ. ಏನೂ ಆಗಲಿಲ್ಲ. ಎದ್ದು ಬ್ರಶ್ಶು ತೊಳೆಯಲು ಹೋದ.

ಅವನು ಮೊದಲಿನಿಂದ ಹೀಗಿರಲಿಲ್ಲ. ಅವ್ವ ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತು ಹೆತ್ತ ಮಗನಾದ್ದರಿಂದ ಹುಸೇನಪ್ಪ ಎಂಬ ಹೆಸರು ಬಂತು. ಹದಿನೆಂಟನೇ ವಯಸ್ಸಿಗೆ ಹೈದರಾಬಾದಿಗೆ ಬಂದಾಗ ಬಾಲಾನಗರದ ಕಾರ್ಖಾನೆ ಶೆಡ್ಡುಗಳಿಗೆ ಬಣ್ಣ ಹೊಡೆಯುವ ಕೆಲಸ ಸಿಕ್ಕಿತು. ಅಲ್ಲಿ ಇದ್ದದ್ದು ಎರಡೇ ಬಣ್ಣ. ಯಂತ್ರಗಳಿಗೆ ಹಸಿರು, ಉಳಿದದ್ದಕ್ಕೆಲ್ಲ ಬೂದಿ. ಹತ್ತು ವರ್ಷ ಅವನು ಆ ಎರಡರಲ್ಲೇ ಕಾಲ ಹಾಕಿದ. ಆಮೇಲೆ ನಗರದ ಪಡುವಣ ಬಂಡೆಗಳನ್ನು ಸಿಡಿಸಿ ಕಂಪ್ಯೂಟರ್ ಕಂಪನಿಗಳು ಬಂದವು, ಅವುಗಳ ಹಿಂದೆಯೇ ಫ್ಲಾಟುಗಳು ಬಂದವು. ಫ್ಲಾಟು ಕೊಂಡವರ ಕೈಯಲ್ಲಿ ಒಂದೊಂದು ಮನೆ ಅಲಂಕಾರದ ಇಂಗ್ಲಿಷ್ ಪತ್ರಿಕೆ ಬಂತು.

ಈ ಪತ್ರಿಕೆಗಳದೇ ಒಂದು ಕಥೆ. ಹೆಂಡತಿ ಒಂದು ಹಾಳೆಯ ಮೂಲೆ ಮಡಚಿಟ್ಟಿರುತ್ತಾಳೆ, ಗಂಡ ಇನ್ನೊಂದರದು. ಇಬ್ಬರೂ ಬಣ್ಣದವನ ಮುಂದೆ ಹಾಳೆ ಹಿಡಿದು, "ಭಯ್ಯಾ, ಸೇಮ್ ಟು ಸೇಮ್ ಐಸಾಚ್ ಹೋನಾ" ಎನ್ನುತ್ತಾರೆ. ಸಮುದ್ರ ದಂಡೆಯ ಬಂಗಲೆಯ ಗೋಡೆ ಇಲ್ಲಿ ನೀರಿನ ಟ್ಯಾಂಕರಿಗೆ ಕಾಯುವ ಮೂರನೇ ಮಹಡಿಗೆ ಸೇಮ್ ಟು ಸೇಮ್ ಆಗಬೇಕು! ಹುಸೇನಪ್ಪ ವಾದ ಮಾಡುತ್ತಿರಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಐದು ನಿಮಿಷ ನೋಡಿ, ಬಕೆಟ್ಟಿನಲ್ಲಿ ಬಣ್ಣ ಕಲಸಿ, ಹಾಳೆಯಲ್ಲಿದ್ದದ್ದನ್ನು ಗೋಡೆಗೆ ಇಳಿಸಿಬಿಡುತ್ತಿದ್ದ. ಗುತ್ತಿಗೆದಾರ ಬೂದೆಪ್ಪ ಅವನನ್ನು "ನಮ್ಮ ಕ್ಸೆರಾಕ್ಸ್ ಮಷೀನು" ಎಂದು ಪರಿಚಯಿಸುತ್ತಿದ್ದ. ಅದು ಹೊಗಳಿಕೆಯೋ ಬೈಗುಳವೋ ಎಂದು ಹುಸೇನಪ್ಪ ತಲೆ ಕೆಡಿಸಿಕೊಂಡವನಲ್ಲ.

ಬಂಡೆಮ್ಮ ಅಂಥದೇ ಒಂದು ಕಟ್ಟಡದಲ್ಲಿ ಮೆಟ್ಟಿಲು ಒರೆಸುವ, ಕಸ ಒಯ್ಯುವ ಕೆಲಸಕ್ಕಿದ್ದಳು. ಓದಿ ಬೇಸರವಾದ ಪತ್ರಿಕೆಗಳನ್ನು ಜನ ಬಾಗಿಲ ಹೊರಗೆ ಇಡುತ್ತಿದ್ದರು. ಅವಳು ಅವನ್ನು ರದ್ದಿಗೆ ಹಾಕದೆ ಮನೆಗೆ ತಂದಳು. ಸಿಮೆಂಟು ಉದುರುವ ಗೋಡೆಗೆ ಹಾಳೆ ಹಚ್ಚಿದರೆ ಧೂಳಾದರೂ ನಿಲ್ಲುತ್ತದೆ ಎಂದು ಶುರುವಾದದ್ದು ಅದು. ಮೈದಾ ಹಿಟ್ಟು ಕುದಿಸಿ ಅಂಟು ಮಾಡಿ, ಒಂದು ಭಾನುವಾರ ಕುಳಿತು ಹಚ್ಚತೊಡಗಿದಾಗ ಅವಳಿಗೆ ಬೇರೆಯೇ ಹುಕಿ ಹತ್ತಿತು. ಸ್ಟೌವಿನ ಮೂಲೆಗೆ ಅಡುಗೆ ಮನೆಗಳ ಚಿತ್ರಗಳನ್ನಷ್ಟೇ ಆರಿಸಿ ಹಚ್ಚಿದಳು. ಹಾಸಿಗೆ ಸುತ್ತಿಡುವ ಕಡೆ ಮಲಗುವ ಕೋಣೆಗಳು. ಬಕೆಟ್ಟು, ಚೊಂಬು ಇಡುವ ಮೂಲೆಯಲ್ಲಿ ಬಿಳಿಯ ತೊಟ್ಟಿಗಳ ಬಚ್ಚಲುಮನೆಗಳು. ದೀಪಾವಳಿ ಸಂಚಿಕೆಯೊಂದರಲ್ಲಿ ದೇವರ ಮನೆಯ ಚಿತ್ರ ಸಿಕ್ಕಾಗ ಅದನ್ನು ಮೂಡಣ ಗೋಡೆಗೆ, ಎಲ್ಲಮ್ಮನ ಪಟದ ಹಿಂದೆ ಹಚ್ಚಿದಳು. ಬಾಗಿಲಿಗೆ ಎದುರಾದ ಗೋಡೆ ಪಡಸಾಲೆಯಾಯಿತು.

"ಒಂದು ಖೋಲ್ಯಾಗ ಐದು ಖೋಲಿ ಮಾಡೀನಿ ನೋಡ್ರಿ," ಎಂದು ಗಂಡನಿಗೆ ತೋರಿಸಿದಳು. "ಆದ್ರ ಏನ್ರಿ, ಈ ಮನಿಗಳಾಗ ಮಂದಿನಾ ಇರಂಗಿಲ್ಲೇನು? ಒಂದು ಕಸಬರಗಿ ಕಾಣವಲ್ದು, ಒಣಾಕ ಹಾಕಿದ ಒಂದು ಅರಿವಿ ಕಾಣವಲ್ದು."

"ಫೋಟೋ ತಗಿಯೋ ಹೊತ್ತಿಗಿ ಹೊರಗ ಹಾಕಿರ್ತಾರ."

"ಪಾಪ, ಎಲ್ಲಿ ನಿಂತಿದ್ರೋ ಏನೋ," ಅಂದಳು ಬಂಡೆಮ್ಮ. ಮನೆಯಿಂದ ಹೊರಗೆ ಹಾಕಿಸಿಕೊಂಡ ಆ ಸಾಹುಕಾರರ ಬಗ್ಗೆ ಅವಳಿಗೆ ನಿಜವಾಗಿಯೂ ಕನಿಕರವಿತ್ತು.

ಪಡಸಾಲೆಯ ಗೋಡೆಗೆ ಅವಳು ಹಚ್ಚಿದ್ದು ಎರಡು ಪುಟದ ಒಂದು ದೊಡ್ಡ ಚಿತ್ರ. ಹುರಮಂಜು ಬಳಿದಂಥ ಕೆಂಪು ಗೋಡೆ, ಅದರ ಕೆಳಗೆ ಒಂದು ತಗ್ಗಿನ ಮರದ ಪೀಠ, ಪೀಠದ ಪಕ್ಕದಲ್ಲಿ ಹಿತ್ತಾಳೆಯ ಕೊಡ. ಅಷ್ಟೇ. ತನ್ನ ತವರುಮನೆಯ ಕಟ್ಟೆಯ ಗೋಡೆ ಇದೇ ಬಣ್ಣದ್ದು ಎನ್ನುತ್ತಿದ್ದಳು. ಅಕ್ಕಿ ಆರಿಸುವುದು, ಊಟ ಮಾಡುವುದು, ದಣಿದು ಬಂದು ಕಾಲು ಚಾಚುವುದು ಎಲ್ಲ ಆ ಚಿತ್ರಕ್ಕೇ ಒರಗಿ. ಅವಳದು ಎಣ್ಣೆ ಸುರಿಯುವ ತಲೆ. ಕೊಬ್ಬರಿ ಎಣ್ಣೆ ಹಾಕದ ತಲೆ ತಲೆಯೇ ಅಲ್ಲ ಎನ್ನುವವಳು. ಪ್ರತಿ ಭಾನುವಾರ ಗಂಡನನ್ನೂ ಕೂರಿಸಿಕೊಂಡು, ಬಣ್ಣದ ವಾಸನೆ ಮಿದುಳಿಗೆ ಏರುತ್ತದೆ ಎಂದು ಬೈಯುತ್ತಾ, ನೆತ್ತಿಗೆ ಎಣ್ಣೆ ತಟ್ಟುತ್ತಿದ್ದಳು.

"ಗ್ವಾಡಿಗಿ ತಲಿ ಒರಗಸಬ್ಯಾಡ ಮಾರಾಯ್ತಿ," ಎಂದು ಅವನು ರೇಗುತ್ತಿದ್ದ. "ಊರ ಮಂದಿ ಸೋಫಾದ ಹಿಂದಿನ ಎಣ್ಣಿ ಕಲೆ ತಗದು ತಗದು ನನಗ ಸಾಕಾಗೇತಿ."

"ಮತ್ತ ನಿಮಗ ಕೆಲಸಾ ಹೆಂಗ ಸಿಗಬೇಕ್ರಿ?" ಎಂದು ಅವಳು ಇನ್ನಷ್ಟು ಒರಗುತ್ತಿದ್ದಳು.

ಎಣ್ಣೆ ಕಲೆ ಬಣ್ಣದವರಿಗೆ ಶನಿ. ಅದರ ಮೇಲೆ ಸುಣ್ಣ ಹಿಡಿಯುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ. ಎಷ್ಟು ಕೈ ಬಳಿದರೂ ಒಣಗುತ್ತಲೇ ಮೇಲೆದ್ದು ಬರುತ್ತದೆ. ಹುಸೇನಪ್ಪನಿಗೆ ಅದರ ಮದ್ದು ಗೊತ್ತಿತ್ತು. ಬಟ್ಟೆ ಸೋಡಾದ ನೀರಿನಲ್ಲಿ ತೊಳೆದು, ಒಣಗಿಸಿ, ಒಂದು ಕೈ ಎಣ್ಣೆ ಪ್ರೈಮರ್ ಕೊಟ್ಟರೆ ಎಂಥ ಹಳೆಯ ಕಲೆಯೂ ಮತ್ತೆ ತಲೆ ಎತ್ತದು.

ಬಂಡೆಮ್ಮನಿಗೆ ಜ್ವರ ಬಂದದ್ದು ಶ್ರಾವಣದಲ್ಲಿ. ಒಂಬತ್ತು ದಿನ. ಹತ್ತನೇ ದಿನ ಅವಳ ಹೆಣವನ್ನು ಬಾಡಿಗೆ ಜೀಪಿನಲ್ಲಿ ಊರಿಗೆ ಒಯ್ದದ್ದು. ದಾರಿಯುದ್ದಕ್ಕೂ ಅವನು ಕಿಟಕಿಯಾಚೆ ನೋಡುತ್ತಾ, ಯಾವ ಮನೆಗೆ ಯಾವ ಬಣ್ಣ ಹೊಡೆದಿದ್ದಾರೆ ಎಂದು ಗಮನಿಸುತ್ತಿದ್ದ. ಮಣ್ಣು ಕೊಡುವಾಗಲೂ ಒಂದು ಹನಿ ಬರಲಿಲ್ಲ. "ಎಂಥಾ ಕಲ್ಲೆದಿಯಪ್ಪ," ಅಂದರು ಊರವರು. ಜನಕ್ಕೇನು, ಅತ್ತರೆ ನಾಟಕ ಎನ್ನುತ್ತಾರೆ, ಅಳದಿದ್ದರೆ ಕಲ್ಲು ಎನ್ನುತ್ತಾರೆ. ಅವನ ಅಕ್ಕ ಮಾತ್ರ ತಮ್ಮನ ಮುಖವನ್ನೇ ನೋಡುತ್ತಿದ್ದಳು.

ಅಂದಿನಿಂದ ಅವನ ಮನಸ್ಸಿಗೆ ಜೋಮು ಹಿಡಿದಿತ್ತು. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಹಾಗೆ. ಮುಟ್ಟಿದರೆ ಕೈಗೆ ಸಿಗುತ್ತದೆ, ತನ್ನದು ಎಂದು ಮಾತ್ರ ಅನ್ನಿಸುವುದಿಲ್ಲ. ಕೆಲಸಕ್ಕೆ ಹೋಗುತ್ತಿದ್ದ. ಅನ್ನ ಬೇಯಿಸಿ ತಿನ್ನುತ್ತಿದ್ದ. ಅನ್ನಕ್ಕೆ ಉಪ್ಪು ಹಾಕಿದ್ದನೋ ಇಲ್ಲವೋ ತಿಂದು ಮುಗಿಸಿದ ಮೇಲೂ ಗೊತ್ತಾಗುತ್ತಿರಲಿಲ್ಲ. ತಲೆಗೆ ಎಣ್ಣೆ ಹಚ್ಚುವುದು ತಾನಾಗಿಯೇ ನಿಂತುಹೋಯಿತು. ಕೆಲಸ ಮುಗಿಸಿ ಬಂದು, ಬಾಗಿಲ ಹತ್ತಿರ ಚಾಪೆ ಹಾಸಿ, ಎದುರಿಗಿನ ಕೆಂಪು ಚಿತ್ರವನ್ನು ನೋಡುತ್ತಾ ಬಿದ್ದುಕೊಳ್ಳುತ್ತಿದ್ದ. ಯೋಚನೆ ಮಾಡುತ್ತಿದ್ದ ಎನ್ನುವ ಹಾಗೂ ಇಲ್ಲ. ಕಣ್ಣು ತೆರೆದಿರುತ್ತಿತ್ತು, ಎದುರಿಗೆ ಅದು ಇರುತ್ತಿತ್ತು.

ಅಕ್ಕ ಫೋನು ಮಾಡಿದ ಮಾರನೆಯ ದಿನ ಇನ್ನೊಂದು ಫೋನು ಬಂತು. ಮಾತು ಮೈಸೂರು ಕಡೆಯ ಕನ್ನಡ.

"ಹುಸೇನಪ್ಪನವರಾ? ನಾನು ಮಧುರಾ ಅಂತ. ಬಂಡೆಮ್ಮ ನಿಮ್ಮ ನಂಬರ್ ಕೊಟ್ಟಿದ್ರು, ತುಂಬಾ ಹಿಂದೆ. ಅವರು ನಮ್ಮ ಬಿಲ್ಡಿಂಗಲ್ಲಿ ಕೆಲಸಕ್ಕೆ ಬರ್ತಿದ್ರಲ್ಲ, ಆಗ ನಾನು ಅಲ್ಲಿ ಬಾಡಿಗೆಗಿದ್ದೆ. ಈಗ ಸ್ವಂತ ಫ್ಲಾಟ್ ತಗೊಂಡಿದೀವಿ. ಬಂಡೆಮ್ಮ ಚೆನ್ನಾಗಿದಾರಾ?"

"ಚಲೋ ಅದಾಳ್ರಿ," ಅಂದ ಹುಸೇನಪ್ಪ.

ಯಾಕೆ ಹಾಗೆ ಹೇಳಿದನೋ ಅವನಿಗೇ ಗೊತ್ತಿಲ್ಲ. ಸತ್ತಳು ಎಂದರೆ ಆ ಕಡೆಯಿಂದ ಅಯ್ಯೋ ಬರುತ್ತದೆ, ಯಾವಾಗ, ಹೇಗೆ ಎಂದು ಬರುತ್ತದೆ, ಅದಕ್ಕೆಲ್ಲ ಉತ್ತರ ಕೊಡಬೇಕಾಗುತ್ತದೆ. ಒಂದು ಮಾತಿನಲ್ಲಿ ಮುಗಿಯಿತಲ್ಲ ಎನ್ನಿಸಿತು.

ಮಧುರಾಳ ಫ್ಲಾಟು ಒಂಬತ್ತನೇ ಮಹಡಿಯಲ್ಲಿತ್ತು. ಇಪ್ಪತ್ತೆಂಟರ ಹುಡುಗಿ, ಕಣ್ಣಿನ ಕೆಳಗೆ ರಾತ್ರಿ ಪಾಳಿಯ ಕಪ್ಪು. ಮುಂದಿನ ವಾರ ಗೃಹಪ್ರವೇಶ, ಮೈಸೂರಿನಿಂದ ಅತ್ತೆ ಮಾವ ಬರುವವರಿದ್ದರು. ಉಳಿದ ಕೋಣೆಗಳ ಬಣ್ಣವೆಲ್ಲ ಆಗಿತ್ತು. ಹಾಲಿನ ಒಂದು ಗೋಡೆಯನ್ನು ಮಾತ್ರ ಅವಳು ಹಾಗೇ ಬಿಡಿಸಿದ್ದಳು.

"ಒಂದು ಮ್ಯಾಗಜಿನ್‌ನಲ್ಲಿ ನೋಡಿದ್ದೆ, ಐದಾರು ವರ್ಷದ ಹಿಂದೆ," ಅಂದಳು. "ಮನೆ ಅಂತ ಮಾಡಿದ್ರೆ ಈ ಗೋಡೆ ಹೀಗೇ ಇರಬೇಕು ಅಂತ ಆವತ್ತೇ ಅನ್ಕೊಂಡಿದ್ದೆ. ಶಿಫ್ಟ್ ಮಾಡೋ ಗಡಿಬಿಡೀಲಿ ಅದನ್ನೂ ರದ್ದಿ ಜೊತೆ ಹೊರಗಿಟ್ಟುಬಿಟ್ಟೆ. ಕೆಂಪು ಗೋಡೆ. ಅಂದ್ರೆ ಕುಂಕುಮದ ಕೆಂಪಲ್ಲ. ಕೆಳಗೆ ಒಂದು ಮರದ..."

"ತಗ್ಗಿನ ಪೀಠ," ಅಂದ ಹುಸೇನಪ್ಪ. "ಬಾಜೂಕ ಹಿತ್ತಾಳಿ ಕೊಡ."

ಅವಳು ಬಾಯಿ ತೆರೆದು ನೋಡಿದಳು.

"ಆ ಫೋಟೋ ನಮ್ಮ ಮನ್ಯಾಗ ಐತ್ರಿ, ಅಕ್ಕಾರ. ನೀವು ಹೊರಗಿಟ್ಟಿದ್ದು ಬಂಡೆಮ್ಮ ತಂದಿದ್ಲು."

"ಅಯ್ಯೋ, ಹೌದಾ? ಹಾಗಾದ್ರೆ ತಗೊಂಡು ಬನ್ನಿ, ಪ್ಲೀಸ್!"

ಅಂದು ಸಂಜೆ ಮನೆಗೆ ಬಂದು ಚಿತ್ರದ ಒಂದು ಮೂಲೆಗೆ ಉಗುರು ಹಾಕಿದ. ಬಂಡೆಮ್ಮನ ಮೈದಾ ಅಂಟು ಸಿಮೆಂಟಿಗಿಂತ ಗಟ್ಟಿ. ಹಾಳೆ ಬೆರಳಗಲ ಹರಿದು ಬಂತು, ಇನ್ನು ಎಳೆದರೆ ಚಿತ್ರವೇ ಸೀಳುತ್ತದೆ. ಹೇಗಿದ್ದರೂ ವಾರದಲ್ಲಿ ಕಿತ್ತು ಎಸೆಯುವುದೇ. ಆದರೂ ಕೈ ಮುಂದೆ ಹೋಗಲಿಲ್ಲ. ಹರಿದದ್ದನ್ನು ಎಂಜಲು ಹಚ್ಚಿ ಮತ್ತೆ ಅಂಟಿಸಿದ. ಮಾರನೆಯ ದಿನ ಮಧುರಾಳಿಗೆ, "ಅದು ಕೀಳಾಕ ಬರಂಗಿಲ್ರಿ. ಬ್ಯಾಡ ಬಿಡ್ರಿ, ನನಗ ಬಾಯಿಪಾಠ ಐತಿ," ಎಂದು ಹೇಳಿ ಬಕೆಟ್ಟು ಮುಂದಿಟ್ಟುಕೊಂಡು ಕೂತ.

ನಾಲ್ಕು ದಿನದ ಕೆಲಸ. ಕೆಂಪಿಗೆ ತುಸು ಹಳದಿ, ಒಂದು ಚಿಟಿಕೆ ಕಪ್ಪು, ಮಣ್ಣಿನ ಬಣ್ಣ ಬರುವ ತನಕ ಕಲಸಿದ. ಸ್ಪಂಜಿನಿಂದ ಒತ್ತಿ, ತಗಡಿನ ಪಟ್ಟಿಯಿಂದ ಎಳೆದು, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಒಂದು ಕೈ. ಹಾಳೆ ಎದುರಿಗಿಲ್ಲದೆ ಇಪ್ಪತ್ತು ವರ್ಷದಲ್ಲಿ ಅವನು ಮಾಡಿದ ಮೊದಲ ಗೋಡೆ ಅದು. ಕೈ ತನ್ನಷ್ಟಕ್ಕೆ ಓಡುತ್ತಿತ್ತು. ಕಣ್ಣು ಮುಚ್ಚಿದರೆ ಚಿತ್ರ ಅಲ್ಲೇ ಇತ್ತು. ಎಲ್ಲಿ ಬಣ್ಣ ತೆಳು, ಎಲ್ಲಿ ದಟ್ಟ, ಎಲ್ಲ ಇತ್ತು. ಪೀಠ ಇಡುವ ಜಾಗದಿಂದ ಮೇಲೆ, ಸ್ವಲ್ಪ ಎಡಕ್ಕೆ, ಗೋಡೆಯ ಬಣ್ಣ ದುಂಡಗೆ ತುಸು ಗಾಢವಾಗಿರಬೇಕು. ಅಂಚು ಒಡೆದು ಕಾಣಬಾರದು, ಮೆಲ್ಲಗೆ ಕೆಂಪಿನೊಳಗೆ ಕರಗಬೇಕು. ಅದಕ್ಕೇ ಅರ್ಧ ದಿನ ಹಿಡಿಯಿತು. ಮೊರದಷ್ಟು ಅಗಲದ ಆ ಒಂದು ನೆರಳನ್ನು ಅವನು ಸ್ಪಂಜು ಬಿಟ್ಟು ಬರಿಗೈಯಲ್ಲಿ, ಹೆಬ್ಬೆರಳಿನ ಬುಡದಿಂದ ಸವರಿ ಸವರಿ ತಂದ. ಮುಗಿದಾಗ ದೂರ ನಿಂತು ನೋಡಿದ. ಚಿತ್ರದಲ್ಲಿದ್ದ ಹಾಗೇ ಬಂದಿತ್ತು. ಸಂತೋಷವಾಯಿತೇ ಎಂದು ಅವನು ನೋಡಿಕೊಳ್ಳಲೂ ಹೋಗಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಮಧುರಾ ಫೋನು ಮಾಡಿ ಕರೆದಳು. ಅಂದು ಬೆಳಿಗ್ಗೆ ಅಕ್ಕ ಊರಿನ ಬಸ್ಸಿಗೆ ಬಂದು ಇಳಿದಿದ್ದಳು. ಒಳಗೆ ಕಾಲಿಟ್ಟವಳೇ ಗೋಡೆ ನೋಡಿ, "ಇನ್ನಾ ಕಿತ್ತಿಲ್ಲಲ್ಲೋ!" ಎಂದು ಬೈದಳು. "ಬಂದು ಕೀಳ್ತೀನಿ ಅಕ್ಕ," ಎಂದು ಹೇಳಿ ಹುಸೇನಪ್ಪ ಮಧುರಾಳ ಫ್ಲಾಟಿನ ಕಡೆ ನಡೆದ.

ಮಧುರಾ ಖುಷಿಯಲ್ಲಿದ್ದಳು. ಭಾನುವಾರ ಕೋಠಿಗೆ ಹೋಗಿ, ಹಳೆ ಪುಸ್ತಕದ ಅಂಗಡಿಗಳಲ್ಲಿ ಧೂಳು ಕುಡಿದು, ಕಡೆಗೂ ಅದೇ ಸಂಚಿಕೆಯನ್ನು ಹುಡುಕಿ ತಂದಿದ್ದಳು.

"ನೋಡಿ, ನೋಡಿ! ಪೀಠ ಕೂಡ ಇದನ್ನೇ ತೋರಿಸಿ ಮಾಡಿಸ್ತೀನಿ. ಅಲ್ಲ, ಹಾಳೆ ಇಲ್ದೇನೇ ಇಷ್ಟು ಕರೆಕ್ಟಾಗಿ ಹೇಗೆ ಮಾಡಿದ್ರಿ ನೀವು?" ಎಂದು ಪತ್ರಿಕೆಯನ್ನು ಗೋಡೆಯ ಪಕ್ಕ ಹಿಡಿದಳು. ಆಮೇಲೆ, "ಇದೊಂದು ಮಾತ್ರ ಅರ್ಥ ಆಗ್ಲಿಲ್ಲ. ಇಲ್ಲಿ ದುಂಡಗೆ ಕಪ್ಪಾಗಿದೆಯಲ್ಲ, ತೇವ ಏನಾದ್ರೂ ಇದೆಯಾ ಗೋಡೇಲಿ?" ಎಂದು ಕೇಳಿದಳು.

"ಇಲ್ರಿ. ಫೋಟೋದಾಗ ಐತಲ್ರಿ ಅದು."

"ಫೋಟೋದಲ್ಲಿಲ್ಲ, ನೋಡಿ."

ಅವನು ಪತ್ರಿಕೆಯನ್ನು ಕೈಗೆ ತೆಗೆದುಕೊಂಡ. ಇಪ್ಪತ್ತು ವರ್ಷದ ಅಭ್ಯಾಸದಂತೆ ಕಿಟಕಿಯ ಬೆಳಕಿಗೆ ಹಿಡಿದ. ಕೆಂಪು ಗೋಡೆ, ಪೀಠ, ಕೊಡ. ಗೋಡೆ ಈ ತುದಿಯಿಂದ ಆ ತುದಿಗೆ ಒಂದೇ ಬಣ್ಣ. ಎಲ್ಲೂ ಏನೂ ಇರಲಿಲ್ಲ. ಹಾಳೆಯನ್ನು ಓರೆ ಮಾಡಿ ನೋಡಿದ. ಬೆರಳಿನಿಂದ ಸವರಿದ. ಬೆರಳು ನುಣ್ಣಗೆ ಜಾರಿತು.

ಆಗ ಅವನಿಗೆ ತಿಳಿಯಿತು. ಒಂದು ವರ್ಷ ಬಾಗಿಲ ಹತ್ತಿರ ಬಿದ್ದುಕೊಂಡು ತಾನು ಏನನ್ನು ನೋಡುತ್ತಿದ್ದೆ ಎಂದು ತಿಳಿಯಿತು. ಪತ್ರಿಕೆಯನ್ನು ಮಡಿಸಿ ಅವಳ ಕೈಗೆ ಕೊಟ್ಟ.

"ಅದು ಬಂಡೆಮ್ಮನ ತಲಿ, ಅಕ್ಕಾರ," ಅಂದ.

"ಏನು?"

"ಆಕಿ ಅಲ್ಲೇ ಒರಗಿ ಕೂಡ್ತಿದ್ಲು. ಎಣ್ಣಿ ತಲಿ. ಹಾಳಿಗಿ ಕಲೆ ಬಿದ್ದಿತ್ತು. ನಾ ಅದು ಫೋಟೋದಾಗಿಂದಾ ಅಂತ ತಿಳಕೊಂಡು ಅದನ್ನೂ ಮಾಡಿಬಿಟ್ಟೀನಿ." ಸಾಮಾನಿನ ಪಟ್ಟಿ ಹೇಳುವಷ್ಟೇ ಸಪ್ಪಗೆ ಸೇರಿಸಿದ: "ಆಕಿ ಹೋಗಿ ನಾಳಿಗಿ ವರ್ಷ ಆಗತೈತ್ರಿ. ಅವತ್ತು ಫೋನಿನ್ಯಾಗ ನಾ ಸುಳ್ಳು ಹೇಳಿದ್ನಿ."

ಮಧುರಾ ಗೋಡೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ಕಣ್ಣು ತುಂಬಿಕೊಂಡಿತು. "ಇರಲಿ ಬಿಡಿ," ಎಂದು ಹೇಳಬೇಕೆಂದು ಅವಳಿಗೆ ಅನ್ನಿಸಿರಬಹುದು. ಹೇಳಲು ಬಾಯಿಯನ್ನೂ ತೆರೆದಳು. ಆದರೆ ಬರುವ ಗುರುವಾರ ಗೃಹಪ್ರವೇಶ, ಅತ್ತೆ ಬರುತ್ತಾರೆ, ಹೊಸ ಮನೆ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಅದಕ್ಕಾಗಿ ಅವಳನ್ನು ಬೈಯುವವರು ತಮ್ಮ ಮನೆಯ ಗೋಡೆಯ ಮೇಲೆ ಅಂಥದೊಂದನ್ನು ಇಟ್ಟುಕೊಂಡು ಆಮೇಲೆ ಮಾತಾಡಲಿ.

ಅವಳ ಕಷ್ಟವನ್ನು ಹುಸೇನಪ್ಪನೇ ಬಿಡಿಸಿದ. "ಹೊಸಾ ಮನಿ ಐತ್ರಿ. ಸತ್ತೋರ ಗುರುತು ಇರಬಾರದು. ಒಂದು ತಾಸಿನ ಕೆಲಸ," ಎಂದು ಬಕೆಟ್ಟು ತೆಗೆದ.

ಉಪ್ಪುಕಾಗದದಿಂದ ಉಜ್ಜಿದ. ಕೆಂಪು ಪುಡಿ ಅವನ ಕೈಮೇಲೆ, ಅಂಗಿಯ ಮೇಲೆ ಉದುರಿತು. ಮೇಲೆ ಎರಡು ಕೈ ಬಣ್ಣ ಕೊಟ್ಟ. ಅರ್ಧ ದಿನ ಹೆಬ್ಬೆರಳಿನಿಂದ ಸವರಿ ತಂದದ್ದು ಒಂದು ತಾಸಿನಲ್ಲಿ ಇಲ್ಲವಾಯಿತು. ಗೋಡೆ ಈ ತುದಿಯಿಂದ ಆ ತುದಿಗೆ ಒಂದೇ ಬಣ್ಣವಾಗಿ, ಪತ್ರಿಕೆಯಲ್ಲಿದ್ದ ಹಾಗೇ ಚೆಂದವಾಗಿ ನಿಂತಿತು. ಆಗಲೂ ಅವನಿಗೆ ಅಳು ಬರಲಿಲ್ಲ. ಬ್ರಶ್ಶು ತೊಳೆಯುವಾಗ ಮಾತ್ರ ಚೊಂಬು ಎರಡು ಸಲ ಜಾರಿತು.

ಮಧುರಾ ಲಿಫ್ಟಿನ ತನಕ ಬಂದಳು. "ನಿಮ್ಮನೇಲಿರೋ ಆ ಹಾಳೆ ಕೀಳ್ಬೇಡಿ, ಹುಸೇನಪ್ಪನವರೇ," ಅಂದಳು.

ಅವನು ಲಗುಬಗೆಯಿಂದ ನಡೆದ. ವರ್ಷದಲ್ಲಿ ಮೊದಲ ಸಲ ಅವನಿಗೆ ಮನೆ ಬೇಗ ಮುಟ್ಟಬೇಕು ಅನ್ನಿಸಿತ್ತು. ಬಂಡೆಗಳ ಸಂದಿಯ ದಾರಿಯಲ್ಲಿ ಓಡಿದ ಎಂದರೂ ತಪ್ಪಿಲ್ಲ.

ಬಾಗಿಲ ಹೊರಗೆ ಒದ್ದೆ ಕಾಗದದ ಗುಡ್ಡೆ ಬಿದ್ದಿತ್ತು. ಅಕ್ಕ ಸುಮ್ಮನೆ ಕೂರುವ ಜಾತಿಯಲ್ಲ. ಗೋಡೆಗೆ ನೀರು ಎರಚಿ ನೆನೆಸಿ, ತಮ್ಮನದೇ ತಗಡಿನ ಪಟ್ಟಿ ತೆಗೆದುಕೊಂಡು ಕೆರೆದು, ಐದು ಖೋಲಿಗಳನ್ನೂ ಎಳೆದು ಹೊರಗೆ ಹಾಕಿದ್ದಳು. ಅಡುಗೆ ಮನೆ, ಬಚ್ಚಲುಮನೆ, ದೇವರ ಮನೆ ಎಲ್ಲ ಒಂದೇ ಮುದ್ದೆಯಾಗಿತ್ತು. ಅದರಲ್ಲಿ ಕೆಂಪು ಯಾವುದು ಎಂದು ಗುರುತೂ ಸಿಗುತ್ತಿರಲಿಲ್ಲ. ಒಳಗೆ ಸುಣ್ಣದ ಹಸಿ ವಾಸನೆ. ಅಕ್ಕ ಸೀರೆ ಎತ್ತಿ ಕಟ್ಟಿ, ಮೊಣಕೈ ತನಕ ಬಿಳಿಯಾಗಿ, ಬಾಗಿಲೆದುರಿನ ಗೋಡೆಯ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಬಂದ್ಯಾ? ಚಲೋ ಆತು. ಇದೊಂದಿಷ್ಟು ನೋಡು," ಅಂದಳು. "ಮೂರು ಗ್ವಾಡಿ ಹಾಲಿನಂಗ ಒಣಗ್ಯಾವ. ಇಲ್ಲಿ ಮಾತ್ರ ಸುಣ್ಣ ಹಿಡಿವಲ್ದು. ಎರಡು ಕೈ ಹಚ್ಚೀನಿ. ಒಣಗಿದಂಗ ಮತ್ತ ಮ್ಯಾಲ ಬರತೈತಿ."

ಹುಸೇನಪ್ಪ ನೋಡಿದ. ಬಿಳಿಯ ಗೋಡೆಯ ನಡುವೆ, ಕೂತವರ ತಲೆ ಮುಟ್ಟುವ ಎತ್ತರದಲ್ಲಿ, ಅಂಗೈಯಗಲದ ದುಂಡನೆಯ ಕಲೆ ಇತ್ತು. ನಾಲ್ಕು ವರ್ಷದ ಎಣ್ಣೆ ಹಾಳೆಯನ್ನು ದಾಟಿ ಸಿಮೆಂಟಿಗೆ ಇಳಿದಿತ್ತು.

"ನೀ ಬಣ್ಣದಾವ, ಇದಕ್ಕ ಏನರ ಹಚ್ಚೋ," ಅಂದಳು ಅಕ್ಕ.

ಬಟ್ಟೆ ಸೋಡಾ ಸ್ಟೌವಿನ ಪಕ್ಕದ ಡಬ್ಬಿಯಲ್ಲಿತ್ತು. ಎಣ್ಣೆ ಪ್ರೈಮರಿನ ಅರ್ಧ ಡಬ್ಬಿ ಅವನ ಕೈಯಲ್ಲಿದ್ದ ಚೀಲದಲ್ಲೇ ಇತ್ತು.

"ಅದು ಎಣ್ಣಿ ಕಲೆ ಅಕ್ಕ," ಅಂದ. "ಅದಕ್ಕ ಮದ್ದಿಲ್ಲ. ಏನು ಮಾಡಿದ್ರೂ ಹೋಗಂಗಿಲ್ಲ."

ಬಣ್ಣದ ಕೆಲಸಕ್ಕೆ ಬಂದ ಮೇಲೆ ಆ ಕೆಲಸದ ಬಗ್ಗೆ ಅವನು ಹೇಳಿದ ಮೊದಲ ಸುಳ್ಳು ಅದು. ಅಕ್ಕ ಅವನ ಮುಖವನ್ನು ನೋಡಿದಳು. ಮಣ್ಣು ಕೊಡುವ ದಿನ ನೋಡಿದ ಹಾಗೆಯೇ ಬಹಳ ಹೊತ್ತು ನೋಡಿದಳು. ಆಮೇಲೆ ಸುಣ್ಣದ ಬಕೆಟ್ಟನ್ನು ಎತ್ತಿ ಹೊರಗಿಟ್ಟು ಬಂದಳು.

"ಹೋಗಂಗಿಲ್ಲಂದ್ರ ಇರ್ಲಿ ಬಿಡು," ಅಂದಳು.

ಹುಸೇನಪ್ಪ ಚೀಲ ಕೆಳಗಿಟ್ಟು ನೆಲಕ್ಕೆ ಕೂತ. ಕೂತವನು, "ಅಕ್ಕ, ಊರಿಂದ ಕೊಬ್ಬರಿ ಎಣ್ಣಿ ತಂದೀಯೇನು?" ಎಂದು ಕೇಳಿದ.

ತಂದಿದ್ದಳು. ಕೈ ತೊಳೆದುಕೊಂಡು ಬಂದು, ಅವನ ಹಿಂದೆ ಮಂಡಿಯೂರಿ, ವರ್ಷದಿಂದ ಒಣಗಿ ಕಾಯಿ ನಾರಾಗಿದ್ದ ತಲೆಗೆ ಅಂಗೈ ತುಂಬ ಎಣ್ಣೆ ಸುರಿದು ತಟ್ಟಿದಳು. ಎಣ್ಣೆ ಕಿವಿಯ ಹಿಂದೆ, ಕುತ್ತಿಗೆಗೆ ಇಳಿಯಿತು. ಅವಳು ಎದ್ದ ಮೇಲೆ ಹುಸೇನಪ್ಪ ಕೂತಲ್ಲಿಂದಲೇ ಹಿಂದಕ್ಕೆ ಸರಿದ.

"ಒರಗಬ್ಯಾಡೋ, ಸುಣ್ಣ ಇನ್ನಾ ಹಸಿ ಐತಿ," ಅಂದಳು ಅಕ್ಕ.

ಅವನು ಒರಗಿದ. ಕಲೆ ಇದ್ದ ಜಾಗಕ್ಕೆ ಸರಿಯಾಗಿ ತಲೆ ಇಟ್ಟು ಒರಗಿದ. ಕೂದಲಿಗೆಲ್ಲ ಸುಣ್ಣ ಮೆತ್ತಿಕೊಂಡಿತು. ಆಗ ಅವನಿಗೆ ಅಳು ಬಂತು. ಅಕ್ಕ ಸಮಾಧಾನ ಮಾಡಲಿಲ್ಲ. ನಾಳೆಯ ಎಡೆಗೆ ಅಕ್ಕಿ ಆರಿಸುತ್ತಾ ಬಾಗಿಲಲ್ಲಿ ಕೂತಳು.